ಖಾಕಿಯ ಕನಸೂ ಅಪರಾಧಶಾಸ್ತ್ರದ ಪದವಿಯೂ

ಕಳೆದ ವಾರ ಒಂದು ಸಂಜೆ, ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಗೆ ಖಾನಾಪುರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಕಾಲುಮುಟ್ಟಿ ನಮಸ್ಕರಿಸಿ, ಚಹಾ ಕುಡಿದು, ಕುಶಲ ವಿಚಾರಿಸಿದ ಮೇಲೆ ಮೆಲ್ಲನೆ ವಿಷಯಕ್ಕೆ ಬಂದರು.

“ಸರ್, ಈಕಿ ಪಿ.ಯು.ಸಿ. ಪಾಸ್ ಆಗ್ಯಾಳ್ರಿ. ಪಿ.ಎಸ್.ಐ. ಆಗಬೇಕಂತಾಳ. ಬಿ.ಎ.ದಾಗ ಕ್ರಿಮಿನಾಲಜಿ ತಗೊಂಡ್ರ ಲಗೂನ ನೌಕರಿ ಸಿಗತೈತಿ ಅಂತ ಮಂದಿ ಹೇಳ್ತಾರ. ಖರೇ ಏನ್ರಿ?”

ನಾನು ಕೂಡಲೇ ಉತ್ತರ ಕೊಡಲಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ನಾನು ಥಟ್ಟನೆ ಉತ್ತರಿಸಿದ್ದೆ. ಆ ಉತ್ತರವನ್ನು ನಂಬಿದ ಹುಡುಗನೊಬ್ಬ ತನ್ನ ಯೌವನದ ಬಹುಭಾಗವನ್ನು ಅದಕ್ಕೆ ತೆತ್ತ. ಆದ್ದರಿಂದ ಈ ಬರಹ ಒಂದು ಅಭಿಪ್ರಾಯವೂ ಹೌದು, ಒಂದು ತಪ್ಪೊಪ್ಪಿಗೆಯೂ ಹೌದು.

ಖಾನಾಪುರ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತ ನಾನು ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಹರಿದು ಬರುವ, ಕಾಡು ಮತ್ತು ಭತ್ತದ ಗದ್ದೆಗಳ ನಾಡು ಅದು. ಅಲ್ಲಿಯ ಮಕ್ಕಳಿಗೆ ಸರ್ಕಾರಿ ನೌಕರಿ ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ಸಮವಸ್ತ್ರ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಖಾನಾಪುರದಲ್ಲಿಯೇ ಪೊಲೀಸ್ ತರಬೇತಿ ಶಾಲೆಯಿದೆ. ತೋರಾಳಿಯಲ್ಲಿ ಸಿ.ಆರ್.ಪಿ.ಎಫ್.ನ ಕೋಬ್ರಾ ತರಬೇತಿ ಕೇಂದ್ರವಿದೆ. ಬೆಳಗಾವಿಯ ಹಾದಿಯಲ್ಲಿ ಮಚ್ಛೆಯ ಬಳಿ ಮೀಸಲು ಪೊಲೀಸ್ ಪಡೆ, ನಗರದೊಳಗೆ ಮರಾಠಾ ಲಘು ಪದಾತಿ ದಳದ ಕೇಂದ್ರ. ಬೂಟುಗಳ ಸಪ್ಪಳ ಕೇಳುತ್ತ ಬೆಳೆದ ಹುಡುಗ ಖಾಕಿಯ ಕನಸು ಕಾಣದೆ ಇನ್ನೇನು ಕಂಡಾನು?

ನಾನು ಹೇಳಹೊರಟ ಹುಡುಗನೂ ಅಂಥವನೇ. ಕಾಡಂಚಿನ ಹಳ್ಳಿಯ ರೈತನ ಮಗ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ಚುರುಕು. ಪಿ.ಯು.ಸಿ. ಮುಗಿಸಿ ಸಲಹೆ ಕೇಳಲು ಬಂದಾಗ, “ಅಪರಾಧಶಾಸ್ತ್ರ ತೆಗೆದುಕೋ, ಪೊಲೀಸ್ ನೌಕರಿಗೆ ಅದೇ ನೇರ ದಾರಿ” ಎಂದುಬಿಟ್ಟೆ. ವಿಚಾರಿಸದೆ ಹೇಳಿದ ಮಾತು ಅದು. ವಿಷಯದ ಹೆಸರಿನಲ್ಲಿ ಅಪರಾಧವಿದೆ, ಅಪರಾಧ ಹಿಡಿಯುವವರು ಪೊಲೀಸರು. ಆದ್ದರಿಂದ ಎರಡಕ್ಕೂ ಸಂಬಂಧವಿರಲೇಬೇಕು ಎಂಬುದು ನನ್ನ ತರ್ಕ. ಮೇಷ್ಟ್ರ ಮಾತು ಅವನಿಗೆ ವೇದವಾಯಿತು.

ನೇಮಕಾತಿಯ ನಿಯಮ ಮಾತ್ರ ಬೇರೆಯೇ ಇದೆ. ನಮ್ಮ ರಾಜ್ಯದಲ್ಲಿ ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪಿ.ಯು.ಸಿ. ಸಾಕು. ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಯಾವುದೇ ಮಾನ್ಯ ಪದವಿ ಸಾಕು. ಇತಿಹಾಸ ಓದಿದವನೂ ವಾಣಿಜ್ಯ ಓದಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮೊದಲು ಮೈಕಟ್ಟಿನ ಅಳತೆ, ಓಟ, ಜಿಗಿತ, ಗುಂಡು ಎಸೆತ. ಆಮೇಲೆ ಐವತ್ತು ಅಂಕಗಳ ಒಂದು ಪತ್ರಿಕೆಯಲ್ಲಿ ಪ್ರಬಂಧ, ಸಾರಲೇಖನ, ಭಾಷಾಂತರ. ನೂರೈವತ್ತು ಅಂಕಗಳ ಮತ್ತೊಂದರಲ್ಲಿ ಸಾಮಾನ್ಯ ಜ್ಞಾನ. ಅಪರಾಧಶಾಸ್ತ್ರ ಓದಿದ್ದೇನೆ ಎಂಬುದಕ್ಕೆ ಪ್ರತ್ಯೇಕವಾಗಿ ಒಂದು ಅಂಕವೂ ಇಲ್ಲ.

ಆ ಹುಡುಗ 2021ರ ಅಕ್ಟೋಬರ್ 3ರಂದು ನಡೆದ 545 ಪಿ.ಎಸ್.ಐ. ಹುದ್ದೆಗಳ ಪರೀಕ್ಷೆ ಬರೆದ. ಅದರಲ್ಲಿ ನಡೆದ ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನು ರದ್ದುಪಡಿಸಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಈ ನಡುವೆ ಅವನ ತಂದೆ ತೀರಿಕೊಂಡರು, ಮದುವೆಯಾಯಿತು, ಖಾನಾಪುರ ಪೇಟೆಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಒಂದು ಸಣ್ಣ ಅಂಗಡಿ ತೆರೆದ. ಮರುಪರೀಕ್ಷೆಗೆ ಹೋದನಾದರೂ ಓದಿನ ಹಿಡಿತ ತಪ್ಪಿತ್ತು. ಅದರೊಂದಿಗೆ ವಯೋಮಿತಿಯೂ ಮುಗಿಯಿತು. “ಖಾಕಿ ಕಂಡ್ರ ಈಗೂ ಒಮ್ಮೆ ಎದಿ ಝಲ್ ಅಂತೈತ್ರಿ ಸರ್” ಎಂದು ಒಂದು ದಿನ ನಕ್ಕು ಹೇಳಿದ. ಆ ನಗುವನ್ನು ನೋಡಿ ನನಗೆ ತಲೆಯೆತ್ತಲಾಗಲಿಲ್ಲ.

ಹಾಗಾದರೆ ಈ ವಿಷಯವನ್ನು ಓದುವುದೇ ದಂಡವೇ? ಅಲ್ಲವೇ ಅಲ್ಲ. ದೋಷವಿರುವುದು ವಿಷಯದಲ್ಲಿ ಅಲ್ಲ, ಅದನ್ನು ನೌಕರಿಯ ಏಣಿಯೆಂದು ಮಾರುವ ನಮ್ಮ ಮಾತಿನಲ್ಲಿ.

ಪೊಲೀಸ್ ವಿಜ್ಞಾನಕ್ಕೆ ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ, ಅದರಲ್ಲಿ ನಮ್ಮ ದೇಶದ ಪಾಲೂ ದೊಡ್ಡದು. ಬೆರಳಚ್ಚು ವಿಭಾಗವೊಂದು ಜಗತ್ತಿನಲ್ಲಿ ಮೊದಲು ಸ್ಥಾಪನೆಯಾದದ್ದು ಲಂಡನ್ನಿನಲ್ಲಿ ಅಲ್ಲ, 1897ರಲ್ಲಿ ಕಲ್ಕತ್ತೆಯಲ್ಲಿ. ಹೆನ್ರಿ ಪದ್ಧತಿಯೆಂದು ಹೆಸರಾದ ಬೆರಳಚ್ಚಿನ ವರ್ಗೀಕರಣದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ದುಡಿಮೆಯಿದೆ. ಅಮೆರಿಕದ ಬರ್ಕ್ಲಿಯಲ್ಲಿ ಆಗಸ್ಟ್ ವೋಲ್ಮರ್ ಎಂಬ ಅಧಿಕಾರಿ 1908ರಲ್ಲಿ ಪೊಲೀಸರಿಗಾಗಿಯೇ ಶಾಲೆ ತೆರೆದು, ಲಾಠಿಗಿಂತ ವಿದ್ಯೆ ದೊಡ್ಡದೆಂದು ತೋರಿಸಿದ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಎಡ್ಮಂಡ್ ಲೊಕಾರ್ಡ್ 1910ರಲ್ಲಿ ಅಪರಾಧ ಪತ್ತೆಯ ಪ್ರಯೋಗಾಲಯ ಕಟ್ಟಿದ. ಅಪರಾಧಿ ತಾನು ಹೋದೆಡೆ ಏನನ್ನಾದರೂ ಬಿಟ್ಟು, ಅಲ್ಲಿಂದ ಏನನ್ನಾದರೂ ಹೊತ್ತು ಬರುತ್ತಾನೆ ಎಂಬ ತತ್ತ್ವ ಅವನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ.

ನಮ್ಮ ಭಾಗಕ್ಕೂ ಈ ವಿದ್ಯೆ ಹೊಸದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ನ್ಯಾಯವಿಜ್ಞಾನದ ವಿಭಾಗವಿದೆ. 2010ರಲ್ಲಿ ಸ್ಥಾಪನೆಯಾದ ನಮ್ಮ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿಯೂ ಅಪರಾಧಶಾಸ್ತ್ರವನ್ನು ಸ್ನಾತಕೋತ್ತರ ಹಂತದಲ್ಲಿ ಕಲಿಸುತ್ತಾರೆ. ರಾಷ್ಟ್ರೀಯ ನ್ಯಾಯವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಆವರಣಕ್ಕೆ 2023ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಅಪರಾಧಕ್ಕೆ ಕಾರಣವೇನು, ಶಿಕ್ಷೆಯ ಉದ್ದೇಶವೇನು, ಸೆರೆಮನೆ ಸುಧಾರಿಸುವುದು ಹೇಗೆ, ಅಪರಾಧಕ್ಕೆ ತುತ್ತಾದವರ ಗತಿಯೇನು, ಸಾಕ್ಷ್ಯವನ್ನು ಕಾಪಾಡುವ ಬಗೆ ಹೇಗೆ ಎಂಬುದೇ ಈ ಓದಿನ ತಿರುಳು. ನಮ್ಮದೇ ಊರಿನ ಪಕ್ಕದಲ್ಲಿ 1923ರಿಂದ ನಿಂತಿರುವ ಹಿಂಡಲಗಾ ಕಾರಾಗೃಹದ ಗೋಡೆಯನ್ನು ಹೊರಗಿನಿಂದಷ್ಟೇ ಕಂಡ ನಮಗೆ, ಒಳಗಿನ ಮನುಷ್ಯರ ಬಗೆಗೆ ಯೋಚಿಸಲು ಕಲಿಸುವ ವಿದ್ಯೆ ಇದು.

ಇದರಿಂದ ಹೊಟ್ಟೆಪಾಡಿನ ದಾರಿಗಳೂ ಇವೆ, ಆದರೆ ಪ್ರತಿಯೊಂದಕ್ಕೂ ಅದರದೇ ಬಾಗಿಲಿದೆ. ಪೊಲೀಸ್ ಇಲಾಖೆಗೆ ಸ್ಪರ್ಧಾತ್ಮಕ ಪರೀಕ್ಷೆ. ಡಿ.ವೈ.ಎಸ್.ಪಿ. ಆಗಲು ಲೋಕಸೇವಾ ಆಯೋಗ. ನ್ಯಾಯವಿಜ್ಞಾನ ಪ್ರಯೋಗಾಲಯಕ್ಕೆ ವಿಜ್ಞಾನದ ಪದವಿ ಬೇಕು. ಕಲಾ ವಿಭಾಗದಲ್ಲಿ ಓದಿ ಅಲ್ಲಿಗೆ ಹೋಗುತ್ತೇನೆಂದು ಕನಸು ಕಂಡವರು ಕೊನೆಯಲ್ಲಿ ಕಣ್ಣೀರಿಟ್ಟದ್ದನ್ನು ಬಲ್ಲೆ. ಸರ್ಕಾರಿ ಅಭಿಯೋಜಕರಾಗಲು ಕಾನೂನು ಪದವಿ ಬೇಕು. ಕಾರಾಗೃಹ ಇಲಾಖೆ, ಪರಿವೀಕ್ಷಣಾಧಿಕಾರಿಯ ಕೆಲಸ, ಮಕ್ಕಳ ರಕ್ಷಣಾ ಘಟಕಗಳು, ಬ್ಯಾಂಕು ಹಾಗೂ ವಿಮಾ ಸಂಸ್ಥೆಗಳ ವಂಚನೆ ತಪಾಸಣೆ, ಇವೆಲ್ಲೆಡೆ ಈ ಓದು ನೆರವಿಗೆ ಬರುತ್ತದೆ. ಸ್ನಾತಕೋತ್ತರ ಮುಗಿಸಿದವರು ಅಪರಾಧಶಾಸ್ತ್ರದಲ್ಲಿಯೇ ಯು.ಜಿ.ಸಿ.ಯ ನೆಟ್ ಪರೀಕ್ಷೆ ಬರೆದು ಅಧ್ಯಾಪಕರಾಗಬಹುದು. ಪ್ರವೇಶದ ದಿನವೇ ಇದನ್ನೆಲ್ಲ ಹುಡುಗರಿಗೆ ಬಿಡಿಸಿ ಹೇಳುವ ಪ್ರಾಮಾಣಿಕತೆ ಬೇಕು.

ಕಾಲವೂ ಬದಲಾಗಿದೆ. 2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧ ನಡೆದಲ್ಲಿಗೆ ನ್ಯಾಯವಿಜ್ಞಾನದ ತಜ್ಞರು ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಶೋಧನೆ, ಜಪ್ತಿಗಳನ್ನು ಚಿತ್ರೀಕರಿಸಬೇಕು. ಇದನ್ನೆಲ್ಲ ಮಾಡಲು ಬಲ್ಲವರು ಎಲ್ಲಿದ್ದಾರೆ? ನಮ್ಮ ಕಾಲೇಜುಗಳಲ್ಲಿ ಇದೇ ವಿಷಯ ಓದಿದ ಮಕ್ಕಳು ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಇಲಾಖೆ ಇದನ್ನು ಓದದವರನ್ನು ನೇಮಿಸಿಕೊಂಡು ಮೊದಲಿನಿಂದ ಕಲಿಸುತ್ತಿದೆ.

ಅಪರಾಧಶಾಸ್ತ್ರದ ಪದವೀಧರರಿಗೇ ಪೊಲೀಸ್ ಹುದ್ದೆಗಳನ್ನು ಮೀಸಲಿಡಬೇಕೆಂದು ನಾನು ಹೇಳುತ್ತಿಲ್ಲ. ಆ ವಿಷಯ ಇರುವುದು ಕೆಲವೇ ಕಾಲೇಜುಗಳಲ್ಲಿ; ಹಾಗೆ ಮಾಡಿದರೆ ಹಳ್ಳಿಯ ಎಷ್ಟೋ ಮಕ್ಕಳಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಠಾಣೆಯಲ್ಲಿ ನಾನಾ ವಿದ್ಯೆ ಓದಿದವರು ಇರುವುದೂ ಒಳ್ಳೆಯದೇ. ಆದರೆ ಅಪರಾಧ ಸ್ಥಳದ ಪರಿಶೀಲನೆಯಂಥ ಹುದ್ದೆಗಳಲ್ಲಿಯಾದರೂ ಈ ಓದಿಗೆ ಒಂದಿಷ್ಟು ತೂಕ ಸಲ್ಲಬೇಡವೇ? ಪದವಿಯ ಮೂರು ವರ್ಷಗಳಲ್ಲಿ ವಿದ್ಯಾರ್ಥಿ ಒಂದು ತಿಂಗಳು ಠಾಣೆಯಲ್ಲಿ, ಒಂದು ತಿಂಗಳು ನ್ಯಾಯಾಲಯದಲ್ಲಿ ಕುಳಿತು ನೋಡಿ ಕಲಿಯುವ ವ್ಯವಸ್ಥೆಯನ್ನು ವಿಶ್ವವಿದ್ಯಾಲಯವೂ ಇಲಾಖೆಯೂ ಕೂಡಿ ಮಾಡಬಾರದೇ?

ಇಲ್ಲಿಯೇ ಇನ್ನೊಂದು ಘಟನೆ ಹೇಳಬೇಕು. 2025ರ ಮಾರ್ಚ್ ತಿಂಗಳಲ್ಲಿ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವೃದ್ಧ ದಂಪತಿಗಳು ಅಧಿಕಾರಿಗಳ ಸೋಗಿನ ವಂಚಕರ ಕರೆಗಳಿಗೆ ಬೆದರಿ, ಲಕ್ಷಾಂತರ ರೂಪಾಯಿ ಕಳೆದುಕೊಂಡು, ಕೊನೆಗೆ ಪ್ರಾಣವನ್ನೇ ಕಳೆದುಕೊಂಡರು. “ಡಿಜಿಟಲ್ ಅರೆಸ್ಟ್” ಎಂಬ ಹೆಸರಿನ ಬಂಧನ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ಈ ಒಂದು ವಾಕ್ಯವನ್ನು ಅವರಿಗೆ ಹೇಳುವವರು ಹತ್ತಿರದಲ್ಲಿ ಒಬ್ಬರೂ ಇರಲಿಲ್ಲವಲ್ಲ ಎಂದು ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಕೆಲವು ತಿಂಗಳ ಬಳಿಕ ನನ್ನ ಆ ಹಳೆಯ ವಿದ್ಯಾರ್ಥಿಯ ಅಂಗಡಿಗೆ ಪಿಂಚಣಿಯ ಕಾಗದದ ಕೆಲಸಕ್ಕೆಂದು ಹೋಗಿದ್ದೆ. ನಿವೃತ್ತ ನೌಕರರೊಬ್ಬರು ನಡುಗುತ್ತ ಒಳಗೆ ಬಂದರು. ಹಣ ಕಳಿಸಲು ಬ್ಯಾಂಕಿನ ನಮೂನೆ ತುಂಬಿಕೊಡಬೇಕಂತೆ, ಯಾರಿಗೂ ಕಾರಣ ಹೇಳಬಾರದಂತೆ. ಇವನು ಅವರನ್ನು ಕೂಡಿಸಿ, ನೀರು ಕೊಟ್ಟು, ಫೋನು ಇಸಿದುಕೊಂಡು ಕರೆ ಕಡಿದ. ಪೊಲೀಸರು ಯಾರನ್ನು ಯಾವಾಗ ಬಂಧಿಸಬಹುದು, ಬಂಧಿಸಿದ ಮೇಲೆ ಇಪ್ಪತ್ನಾಲ್ಕು ಗಂಟೆಯೊಳಗೆ ಎಲ್ಲಿ ಹಾಜರುಪಡಿಸಬೇಕು ಎಂಬುದನ್ನು ಅವರ ಮರಾಠಿಯಲ್ಲಿಯೇ ತಿಳಿಸಿ ಹೇಳಿದ. ಅವರು ಮುಂಚೆಯೇ ಒಂದಿಷ್ಟು ಹಣ ಕಳಿಸಿದ್ದರು. 1930ಕ್ಕೆ ಕರೆ ಮಾಡಿ ದೂರು ಬರೆಸಿದ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, “ಬಿ.ಎ. ಎರಡನೇ ವರ್ಷದ ಪಾಠ್ರಿ ಸರ್ ಇದು” ಎಂದ. ಅವನ ಕಳೆದುಹೋದ ವರ್ಷಗಳು ಇದರಿಂದ ಮರಳಿ ಬಂದವೆಂದು ನಾನು ಹೇಳಲಾರೆ. ಆದರೆ ಆ ಓದು ವ್ಯರ್ಥವಾಗಿರಲಿಲ್ಲವೆಂಬುದನ್ನು ಕಣ್ಣಾರೆ ಕಂಡೆ.

ಮೊನ್ನೆ ಬಂದ ಹುಡುಗಿಗೆ ನಾನು ಹೇಳಿದ್ದಿಷ್ಟು: “ಅವ್ವಾ, ಈ ವಿಷಯ ನಿನಗೆ ಮನಸ್ಸಿಗೆ ಬಂದಿದ್ದರೆ ಓದು, ಪಿ.ಎಸ್.ಐ. ಮಾಡುತ್ತದೆಂದು ಓದಬೇಡ. ಪಿ.ಎಸ್.ಐ. ಆಗುವುದಕ್ಕೆ ಬೇರೆಯೇ ತಯಾರಿ ಬೇಕು. ಅದನ್ನು ಮೊದಲ ವರ್ಷದಿಂದಲೇ ಮಾಡು. ದಿನಾಲೂ ಓಡು. ದಿನಾಲೂ ಒಂದು ಪುಟ ಕನ್ನಡ ಬರೆ, ಒಂದು ಪುಟ ಇಂಗ್ಲಿಷಿನಿಂದ ಭಾಷಾಂತರ ಮಾಡು. ನಾಳೆ ನೀನು ಬರೆಯುವ ಪಂಚನಾಮೆಯ ಒಂದು ವಾಕ್ಯ ಅಸ್ಪಷ್ಟವಾದರೆ ನಿರಪರಾಧಿ ಒಳಗೆ ಹೋಗಬಹುದು, ಅಪರಾಧಿ ಹೊರಗೆ ಬರಬಹುದು. ಇಂತಿಷ್ಟೇ ವರ್ಷ ಪ್ರಯತ್ನಿಸುತ್ತೇನೆಂದು ಈಗಲೇ ಗೊತ್ತುಮಾಡಿಕೋ, ಜೊತೆಗೆ ಇನ್ನೊಂದು ದಾರಿಯನ್ನೂ ಇಟ್ಟುಕೋ.”

ಹುಡುಗಿ ಎಲ್ಲವನ್ನೂ ಕೇಳಿ, “ಸರ್, ಓಟ ಎಷ್ಟ ಹೊತ್ತಿಗೆ ಚಾಲೂ ಮಾಡ್ಲಿ?” ಎಂದಳು. “ಮುಂಜಾನೆ ಐದಕ್ಕ” ಎಂದೆ. ತಂದೆ ನಕ್ಕರು. ಅವರು ಹೊರಡುವಾಗ, ಖಾನಾಪುರ ಪೇಟೆಯ ಆ ಅಂಗಡಿಯ ಗುರುತು ಹೇಳಿ, ಪ್ರವೇಶದ ಅರ್ಜಿ ತುಂಬುವ ಮೊದಲು ಅವನನ್ನೂ ಒಂದು ಮಾತು ಕೇಳಿರೆಂದು ಕಳಿಸಿಕೊಟ್ಟೆ. ಈ ವಿಷಯದಲ್ಲಿ ಸಲಹೆ ಕೊಡುವ ಯೋಗ್ಯತೆ ನನಗಿಂತ ಅವನಿಗೇ ಹೆಚ್ಚು.