ಮನೆ ನಿಮ್ಮದು, ಕೀಲಿ ಬ್ರೋಕರ್ ಜೇಬಿನಲ್ಲಿ

ಊರಲ್ಲಿ ಅಪ್ಪ ಕಟ್ಟಿಸಿದ ಮನೆ ಮಾರಬೇಕು. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದಾರೆ, ಪದೇ ಪದೇ ಬರಲು ರಜೆ ಇಲ್ಲ. ಆಗ ಸಿಗುವ ಸಲಹೆ ಒಂದೇ: ‘ಕೀಲಿ ಬ್ರೋಕರ್ ಕೈಗೆ ಕೊಟ್ಟುಬಿಡಿ, ಅವನೇ ತೋರಿಸ್ತಾನೆ. ಗಿರಾಕಿ ಕುದುರಿದ ಮೇಲೆ ಬಂದು ಸಹಿ ಹಾಕಿದರಾಯ್ತು.’ ದಾವಣಗೆರೆಗೆ ಹೋಗಿ, ಹಾಸನಕ್ಕೆ ಹೋಗಿ, ಇದೇ ಮಾತು. ಇದಕ್ಕಿಂತ ಕೆಟ್ಟ ಸಲಹೆ ಮನೆ ಮಾರುವವರಿಗೆ ಇನ್ನೊಂದಿಲ್ಲ ಎಂಬುದು ನನ್ನ ವಾದ. ಗಿರಾಕಿಯನ್ನು ಹುಡುಕಿ ತರಲು ಬ್ರೋಕರ್ ಬೇಕು, ಒಪ್ಪೋಣ. ಆದರೆ ನೀವಿಲ್ಲದಾಗ ಮನೆ ತೋರಿಸುವ ಅಧಿಕಾರವನ್ನು ಅವನಿಗೆ ಕೊಡಬೇಡಿ.

ಮನೆ ತೋರಿಸುವುದೆಂದರೆ ಬಾಗಿಲು ತೆಗೆದು ಲೈಟ್ ಹಾಕುವುದು ಎಂದುಕೊಂಡಿದ್ದೇವೆ. ಅಲ್ಲಿ ನಿಜವಾಗಿ ನಡೆಯುವುದೇ ಬೇರೆ. ‘ಯಾಕೆ ಮಾರ್ತಿದ್ದಾರೆ?’ ಎಂದು ಗಿರಾಕಿ ಕೇಳುವುದು ಅಲ್ಲೇ. ‘ಅಣ್ಣ ತಮ್ಮಂದಿರ ಜಗಳ, ಅರ್ಜೆಂಟಿದೆ, ಇನ್ನೂ ಇಳೀತಾರೆ’ ಎಂಬ ಉತ್ತರ ಬರುವುದೂ ಅಲ್ಲೇ. ನೀವು ಫೋನಿನಲ್ಲಿ 60 ಲಕ್ಷ ಎಂದು ಗಟ್ಟಿಯಾಗಿ ಕೂತಿರುತ್ತೀರಿ. ನಿಮ್ಮ ಹಜಾರದಲ್ಲೇ ನಿಂತು ಅದನ್ನು 55ಕ್ಕೆ ಇಳಿಸಿ ಆಗಿರುತ್ತದೆ. ಬೆಲೆ ಮುರಿಯುವ ಜಾಗದಲ್ಲಿ ಮಾಲೀಕನೇ ಇರುವುದಿಲ್ಲ.

ಬ್ರೋಕರ್ ಕೆಟ್ಟವನೇ ಆಗಬೇಕಿಲ್ಲ, ಲೆಕ್ಕವೇ ಹಾಗಿದೆ. ನಮ್ಮ ಕಡೆ ಕಮಿಷನ್ ಸಾಮಾನ್ಯವಾಗಿ ಶೇ 1ರಿಂದ 2, ಅದೂ ಬಹಳ ಸಲ ಎರಡೂ ಕಡೆಯಿಂದ. ಎರಡೂ ಕಡೆ ಶೇ 1 ಎಂದಿಟ್ಟುಕೊಳ್ಳಿ. ಬೆಲೆ 3 ಲಕ್ಷ ಇಳಿದರೆ ನಿಮಗೆ ನಷ್ಟ 3 ಲಕ್ಷ, ಅವನಿಗೆ 6 ಸಾವಿರ. ಆ 6 ಸಾವಿರಕ್ಕಾಗಿ ಅವನು ಇನ್ನೂ ಎರಡು ತಿಂಗಳು ಪೆಟ್ರೋಲ್ ಸುಟ್ಟುಕೊಂಡು ಗಿರಾಕಿಗಳನ್ನು ಕರೆತರಬೇಕೇ? ವ್ಯಾಪಾರ ಬೇಗ ಮುಗಿಯುವುದು ಅವನಿಗೆ ಲಾಭ, ಒಳ್ಳೆಯ ಬೆಲೆಗೆ ಮುಗಿಯುವುದು ನಿಮಗೆ ಲಾಭ. ಅಮೆರಿಕದಲ್ಲಿ ಲೆವಿಟ್ ಮತ್ತು ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಶಿಕಾಗೊ ಸುತ್ತಲಿನ ಸುಮಾರು 1 ಲಕ್ಷ ಮನೆಗಳ ಮಾರಾಟವನ್ನು ಪರಿಶೀಲಿಸಿ 2008ರಲ್ಲಿ ಇದನ್ನೇ ಬರೆದರು. ಏಜೆಂಟರು ಸ್ವಂತ ಮನೆ ಮಾರುವಾಗ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ, ಶೇ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಾರೆ. ಲೈಸೆನ್ಸ್, ಲಿಖಿತ ಕರಾರು ಎಲ್ಲ ಇರುವ ದೇಶದ ಕಥೆ ಇದು.

ನಮ್ಮಲ್ಲಿ ಕಾನೂನು ಇಲ್ಲವೇ? ರೇರಾ ಇದೆಯಲ್ಲ ಎನ್ನುತ್ತೀರಿ. 2016ರ ಆ ಕಾಯ್ದೆಯ 9ನೇ ಸೆಕ್ಷನ್ ತೆಗೆದು ಓದಿ. ಏಜೆಂಟ್ ನೋಂದಣಿ ಕಡ್ಡಾಯವಾಗಿರುವುದು ರೇರಾದಲ್ಲಿ ನೋಂದಾಯಿತ ಯೋಜನೆಗಳಲ್ಲಿ ಬಿಲ್ಡರ್ ಮಾರುವ ನಿವೇಶನ, ಫ್ಲಾಟ್, ಕಟ್ಟಡಗಳಿಗೆ ಮಾತ್ರ. ಅಲ್ಲಿ ನೋಂದಣಿ ಇಲ್ಲದೆ ದಲ್ಲಾಳಿತನ ಮಾಡಿದರೆ 62ನೇ ಸೆಕ್ಷನ್ ಪ್ರಕಾರ ದಿನಕ್ಕೆ 10 ಸಾವಿರ ದಂಡ. ನಿಮ್ಮ ಅಪ್ಪನ ಹಂಚಿನ ಮನೆಗೆ, ಮೂವತ್ತು ವರ್ಷದ ಆರ್‌ಸಿಸಿ ಮನೆಗೆ ಇದು ಅನ್ವಯಿಸುವುದಿಲ್ಲ. ಅದನ್ನು ತೋರಿಸಲು ಟೀ ಅಂಗಡಿಯವನು, ಇನ್ಶೂರೆನ್ಸ್ ಏಜೆಂಟ್, ಯಾರು ಬೇಕಾದರೂ ಬರಬಹುದು.

1872ರ ಭಾರತೀಯ ಕರಾರು ಕಾಯ್ದೆ ಇದೆ. ಏಜೆಂಟ್ ನಿಮಗೆ ತಿಳಿಸದೆ ತನ್ನ ಸ್ವಂತ ವ್ಯವಹಾರ ಮಾಡಿಕೊಂಡರೆ ಅವನು ಮಾಡಿಕೊಂಡ ಲಾಭವನ್ನು ಕೇಳುವ ಹಕ್ಕನ್ನು ಅದರ 216ನೇ ಸೆಕ್ಷನ್ ನಿಮಗೆ ಕೊಡುತ್ತದೆ. ಆದರೆ ಕೋರ್ಟಿನಲ್ಲಿ ಏನು ತೋರಿಸುತ್ತೀರಿ? ಬ್ರೋಕರ್ ಜತೆ ಒಂದು ಸಾಲಿನ ಬರಹವೂ ಇರುವುದಿಲ್ಲ. ಯಾರು ಬಂದರು, ಎಷ್ಟಕ್ಕೆ ಕೇಳಿದರು ಎಂಬುದಕ್ಕೆ ಅವನ ನೆನಪೇ ದಾಖಲೆ.

ಉಪನೋಂದಣಾಧಿಕಾರಿ ಕಚೇರಿ ಮುಂದೆ ಸುದ್ದಿಗೆಂದು ನಿಲ್ಲುವ ನಮ್ಮಂಥವರಿಗೆ ಗೊತ್ತಿರುವ ಹಳೆಯ ಆಟವೊಂದಿದೆ. 60 ಲಕ್ಷಕ್ಕೆ ಒಪ್ಪುವ ಗಿರಾಕಿ ಮೊದಲ ವಾರವೇ ಮನೆ ನೋಡಿ ಹೋಗಿರುತ್ತಾನೆ. ಮಾಲೀಕನಿಗೆ ಹೋಗುವ ಸುದ್ದಿ ‘ಮಾರ್ಕೆಟ್ ಡಲ್ ಇದೆ ಸಾರ್’. ಎರಡು ತಿಂಗಳು ಸುಸ್ತು ಮಾಡಿಸಿ, ತನ್ನವನೊಬ್ಬನ ಹೆಸರಿಗೆ 52 ಲಕ್ಷಕ್ಕೆ ಅಗ್ರಿಮೆಂಟ್ ಬರೆಸಿ, ಅದೇ ಮೊದಲ ಗಿರಾಕಿಗೆ ದಾಟಿಸುತ್ತಾರೆ. ಈ ಆಟಕ್ಕೆ ಬೇಕಿರುವುದು ಒಂದೇ: ಆ ಗಿರಾಕಿಯ ಮುಖವನ್ನು ಮಾಲೀಕ ನೋಡಿರಬಾರದು. ಕೀಲಿ ಕೊಟ್ಟ ದಿನವೇ ಆ ವ್ಯವಸ್ಥೆಯನ್ನು ನಾವೇ ಮಾಡಿಕೊಟ್ಟಿರುತ್ತೇವೆ.

ಇನ್ನೊಂದು ವಿಷಯವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆ ಯಾರಿಗೆ ತೋರಿಸಬೇಕು ಎಂಬುದನ್ನು ಬ್ರೋಕರ್ ತೀರ್ಮಾನಿಸುತ್ತಾನೆ. ‘ನೀವು ಯಾವ ಜನ?’ ಎಂಬ ಪ್ರಶ್ನೆ ಫೋನಿನಲ್ಲೇ ಬರುತ್ತದೆ. ಉತ್ತರ ಸರಿಬರದಿದ್ದರೆ ‘ಅದು ಮೊನ್ನೆಯಷ್ಟೇ ಆಗಿಹೋಯ್ತು’. ದುಡ್ಡು ಕೈಯಲ್ಲಿಟ್ಟುಕೊಂಡ ದಲಿತ ಶಿಕ್ಷಕ, ಮುಸ್ಲಿಂ ಗ್ಯಾರೇಜ್ ಮಾಲೀಕ ನಿಮ್ಮ ಗೇಟಿನ ತನಕವೂ ಬರುವುದಿಲ್ಲ. ಅವರು ಬರಲಿಲ್ಲ ಎಂಬುದೂ ನಿಮಗೆ ತಿಳಿಯುವುದಿಲ್ಲ. ನಿಮ್ಮ ಹೆಸರಿನಲ್ಲಿ ಒಬ್ಬರಿಗೆ ಅವಮಾನ ಆಗಿರುತ್ತದೆ, ನಿಮ್ಮ ಬೆಲೆಯೂ ಇಳಿದಿರುತ್ತದೆ. ಕೆಲವು ಮಾಲೀಕರು ಇದನ್ನು ಬ್ರೋಕರ್‌ಗೆ ಮೊದಲೇ ಕಿವಿಯಲ್ಲಿ ಹೇಳಿರುತ್ತಾರೆ ಎಂಬುದೂ ಸತ್ಯ. ಅಂಥವರಿಗೆ ಬ್ರೋಕರ್ ಒಂದು ಪರದೆ. ಜಾತಿ ಕೇಳುವ ಕೆಲಸವನ್ನು ಕಮಿಷನ್ ಕೊಟ್ಟು ಮಾಡಿಸಿದರೆ ಕೈ ತೊಳೆದುಕೊಂಡಂತೆ ಆಗುವುದಿಲ್ಲ.

ಬ್ರೋಕರುಗಳ ವಾದವನ್ನೂ ಕೇಳೋಣ. ‘ಮಾಲೀಕ ಎದುರಿಗಿದ್ದರೆ ಗಿರಾಕಿ ಬಿಚ್ಚಿ ಮಾತಾಡೋದಿಲ್ಲ. ಇವರೋ ಗೃಹಪ್ರವೇಶದ ಕಥೆ ಶುರು ಮಾಡ್ತಾರೆ, ವ್ಯಾಪಾರ ಕೆಡ್ತದೆ.’ ಇದರಲ್ಲಿ ನಿಜವಿದೆ. ಹಾಗಾದರೆ ಬಾಗಿಲು ತೆಗೆದು ನಮಸ್ಕಾರ ಹೇಳಿ ಅಂಗಳದಲ್ಲಿ ನಿಂತುಕೊಳ್ಳಿ, ಅವರು ಒಳಗೆ ನೋಡಿ ಬರಲಿ. ಬೋರ್‌ವೆಲ್ ಎಷ್ಟು ಅಡಿ, ಮಳೆಗಾಲದಲ್ಲಿ ಯಾವ ಗೋಡೆ ತೇವ ಹಿಡಿಯುತ್ತದೆ, ಪಕ್ಕದ ಮನೆಯ ಗೋಡೆ ಯಾರ ಜಾಗದಲ್ಲಿದೆ ಎಂದು ಗಿರಾಕಿ ಕೇಳಿದಾಗ ಸರಿಯಾದ ಉತ್ತರ ಕೊಡಬಲ್ಲವರು ನೀವೇ. ಬ್ರೋಕರ್ ‘ಏನೂ ತೊಂದರೆ ಇಲ್ಲ’ ಎಂದು ಮಾತು ತೇಲಿಸಿದರೆ, ಮುಂದೆ ಬೈಗುಳ ಬರುವುದು ಕ್ರಯಪತ್ರದಲ್ಲಿ ಹೆಸರಿರುವವರಿಗೆ.

‘ದೂರ ಇದ್ದೇವೆ, ಏನು ಮಾಡೋದು?’ ತಿಂಗಳಿಗೆ ಎರಡು ಭಾನುವಾರ ಗೊತ್ತು ಮಾಡಿ, ಬರುವವರೆಲ್ಲ ಅವತ್ತೇ ಬರಲಿ. ಆಗದಿದ್ದರೆ ಅತ್ತಿಗೆಯೋ ಸೋದರಮಾವನೋ ನಂಬಿಕಸ್ಥ ನೆರೆಯವರೋ ಬಾಗಿಲು ತೆಗೆಯಲಿ. ಬಂದವರ ಹೆಸರು, ಫೋನ್, ಕೇಳಿದ ಬೆಲೆಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ. ತಾಯಿ ಒಬ್ಬರೇ ಇರುವ ಮನೆಯಾದರೆ, ಹೇಳದೆ ಕೇಳದೆ ಯಾರನ್ನೂ ಕರೆತರಕೂಡದು, ಜತೆಗೆ ಇನ್ನೊಬ್ಬರು ಇರಲೇಬೇಕು. ಗೋಡ್ರೇಜ್ ಬೀರು ಯಾವ ಕೋಣೆಯಲ್ಲಿದೆ ಎಂದು ಹತ್ತು ಅಪರಿಚಿತರಿಗೆ ತೋರಿಸಿದ ಮೇಲೆ ಭಯಪಟ್ಟು ಫಲವಿಲ್ಲ. ಖಾತಾ, ಕ್ರಯಪತ್ರ, ಆಧಾರ್ ಜೆರಾಕ್ಸ್‌ಗಳನ್ನು ಮನೆ ನೋಡಲು ಬಂದವರ ವಾಟ್ಸ್ಆ್ಯಪ್‌ಗೆಲ್ಲ ಹರಿಯಬಿಡುವುದನ್ನೂ ನಿಲ್ಲಿಸಿ. ಮಾತುಕತೆ ಗಟ್ಟಿಯಾದ ಮೇಲೆ ಕೊಟ್ಟರೆ ಸಾಕು, ಅದೂ ಜೆರಾಕ್ಸ್ ಮೇಲೆ ದಿನಾಂಕ, ಉದ್ದೇಶ ಬರೆದು.

ಪ್ರಾಮಾಣಿಕ ಬ್ರೋಕರುಗಳು ಪ್ರತಿ ಊರಲ್ಲೂ ಇದ್ದಾರೆ. ಬಿಸಿಲಲ್ಲಿ ಅಲೆದು, ಕೊನೆಗೆ ಕಮಿಷನ್‌ಗೆ ಟೋಪಿ ಹಾಕಿಸಿಕೊಂಡವರೂ ಇದ್ದಾರೆ. ಅಂಥವರಿಗೆ ಈ ನೋಟ್‌ಬುಕ್ ರಕ್ಷಣೆ: ಈ ಗಿರಾಕಿಯನ್ನು ತಂದದ್ದು ನಾನೇ ಎನ್ನಲು ದಾಖಲೆ. ಕಮಿಷನ್ ಎಷ್ಟು, ಯಾರಿಂದ ಎಂದು ಮೊದಲೇ ಬರೆದುಕೊಂಡು, ಕೆಲಸ ಆದಾಗ ಪೂರ್ತಿ ಕೊಡಿ. ನೋಟ್‌ಬುಕ್ ಕಂಡೊಡನೆ ‘ನಂಬಿಕೆ ಇಲ್ವಾ ಸಾರ್?’ ಎಂದು ಮುನಿಸಿಕೊಳ್ಳುವವನನ್ನು ಅಲ್ಲಿಂದಲೇ ಕಳಿಸಿ.

ಹಳೆ ಮನೆಗಳ ದಲ್ಲಾಳಿಗಳನ್ನೂ ನೋಂದಣಿಗೆ ತರಬೇಕು, ಎರಡು ಕಡೆ ಕಮಿಷನ್ ಪಡೆಯುವವನು ಅದನ್ನು ಇಬ್ಬರಿಗೂ ಬರವಣಿಗೆಯಲ್ಲಿ ತಿಳಿಸಬೇಕು ಎಂದು ಸರ್ಕಾರವನ್ನು ಕೇಳೋಣ. ಅದು ಆಗುವತನಕ ಹಿರಿಯರ ಗಾದೆಯೇ ನಮಗೆ ಕಾಯ್ದೆ: ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಬ್ರೋಕರ್ ನಿಮ್ಮ ಆಳೂ ಅಲ್ಲ, ಇಬ್ಬರಿಂದ ಸಂಬಳ ಪಡೆಯುವವನು. ಕೀಲಿ ನಿಮ್ಮ ಕೈಯಲ್ಲೇ ಇರಲಿ.