ಹೆಸರು ರೇಷ್ಮೆ, ಒಡಲು ಪಾಲಿಯೆಸ್ಟರು

ಬೆಂಗಳೂರಿನ ತೆಂಕಣ ದಿಕ್ಕಿನಲ್ಲಿ, ಹೊಸೂರು ರಸ್ತೆಯ ಮೇಲೆ, ಬಿ.ಟಿ.ಎಂ. ಬಡಾವಣೆಯ ಅಂಚಿಗೆ ಕೇಂದ್ರ ರೇಷ್ಮೆ ಮಂಡಳಿಯ ಕಛೇರಿ ಇದೆ. 1948ರ ಕಾಯಿದೆಯಿಂದ ಹುಟ್ಟಿದ ಸಂಸ್ಥೆ ಅದು. ಆದರೆ ಜನಸಾಮಾನ್ಯರಿಗೆ 'ಸಿಲ್ಕ್ ಬೋರ್ಡ್' ಎಂದರೆ ಮೋಟಾರು ವಾಹನಗಳು ಸಾಲುಗಟ್ಟಿ ನಿಲ್ಲುವ ಒಂದು ವೃತ್ತ, ಅಷ್ಟೇ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದಿನವಿಡೀ ಬಟ್ಟೆ ಹೊಲಿಯುವ ಹೆಣ್ಣುಮಕ್ಕಳು ಆ ಕಛೇರಿಯ ಮುಂದೆಯೇ ಬಸ್ಸು ಹತ್ತಿ ಇಳಿಯುತ್ತಾರೆ. ಅದೇ ಹೆಣ್ಣುಮಕ್ಕಳು ವರ್ಷವೆಲ್ಲ ಚೀಟಿ ಕಟ್ಟಿದ ಹಣ ಹಿಡಿದು ಮದುವೆ ಜವಳಿಗೆ ಹೋದರೆ, ಆ ಕಛೇರಿಯಿಂದ ಕೆಲವೇ ಮೈಲಿ ದೂರದಲ್ಲಿ, ರೇಷ್ಮೆಯೆಂದು ಅವರ ಕೈಗೆ ಪಾಲಿಯೆಸ್ಟರು ಇಡುವವರಿದ್ದಾರೆ. ಇದು ದೀಪದ ಕೆಳಗಿನ ಕತ್ತಲೆ.

ಪರರ ಮಾತೇಕೆ? ನನ್ನ ಕಥೆಯನ್ನೇ ಹೇಳುತ್ತೇನೆ. ತಂಗಿಯ ಮಗಳ ಧಾರೆ ಸೀರೆಗೆಂದು ಊರಿನಿಂದ ನಾವು ನಾಲ್ಕು ಜನ ಜಯನಗರಕ್ಕೆ ಹೋದೆವು. "ಪ್ಯೂರ್ ಸಿಲ್ಕ್ ಮೇಷ್ಟ್ರೇ, ಕಣ್ಣು ಮುಚ್ಚಿಕೊಂಡು ತೊಗೊಳ್ಳಿ" ಎಂದ ಅಂಗಡಿಯವ. ನಾವೂ ಕಣ್ಣು ಮುಚ್ಚಿಕೊಂಡೇ 8,500 ರೂಪಾಯಿ ಎಣಿಸಿದೆವು. ಮದುವೆ ಮುಗಿದ ಮೇಲೆ ನೇಯ್ಗೆ ಬಲ್ಲ ಹಿರಿಯರೊಬ್ಬರು ಸೆರಗಿನ ಕೊನೆಯಿಂದ ಎರಡು ಎಳೆ ಕಿತ್ತು ಕಡ್ಡಿ ಗೀರಿದರು. ಒಂದು ಎಳೆ ಬೂದಿಯಾಯಿತು. ಇನ್ನೊಂದು ಕರಗಿ ಕರಿಯ ಮಣಿಯಾಯಿತು. ಬಿಲ್ಲು ಹಿಡಿದು ಮರಳಿ ಹೋದರೆ ಅಂಗಡಿಯವನ ಉತ್ತರ ಸಿದ್ಧವಾಗಿತ್ತು: "ಬಿಲ್ಲಿನಲ್ಲಿ ರೇಷ್ಮೆ ಅಂತ ಎಲ್ಲಿದೆ ತೋರಿಸಿ." ನೋಡಿದೆ. 'ಸೀರೆ, 1' ಎಂದಷ್ಟೇ ಇತ್ತು. ಹತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವನು ಒಂದು ಸಾಲಿನ ಬಿಲ್ಲನ್ನು ಓದದೆ ಬಂದಿದ್ದೆ!

ಈ ಮೋಸದ ಬೇರು ಇರುವುದು ಹೆಸರಿನಲ್ಲಿ. 'ಆರ್ಟ್ ಸಿಲ್ಕ್' ಎನ್ನುತ್ತಾರೆ. ಆರ್ಟ್ ಎಂದರೆ ಕಲೆ, ಇದು ಕಲಾತ್ಮಕವಾದ ರೇಷ್ಮೆ ಎಂದು ಕೊಳ್ಳುವವರು ತಿಳಿಯುತ್ತಾರೆ. ಅದು 'ಆರ್ಟಿಫಿಶಿಯಲ್' ಎಂಬ ಮಾತಿನ ಮೊಟಕು ರೂಪ. ಕೃತಕ ಎಂದೇ ಅದರ ಅರ್ಥ. ಮರದ ತಿರುಳಿನಿಂದ ತೆಗೆದ ರೇಯಾನ್ ಆಗಲಿ, ಕಲ್ಲೆಣ್ಣೆಯಿಂದ ಬಂದ ಪಾಲಿಯೆಸ್ಟರಾಗಲಿ ಹುಳುವಿನ ಮುಖ ಕಂಡದ್ದಲ್ಲ. 'ಸೆಮಿ ಸಿಲ್ಕ್', 'ಸಾಫ್ಟ್ ಸಿಲ್ಕ್' ಎಂಬ ಹೆಸರು ಕೇಳಿದೊಡನೆ ನಾರು ಯಾವುದೆಂದು ಕೇಳಬೇಕು. ಸಾಫ್ಟ್ ಸಿಲ್ಕ್ ಹೆಸರಿನಲ್ಲಿ ಅಪ್ಪಟ ರೇಷ್ಮೆಯೂ ಬರುತ್ತದೆ, ಅಪ್ಪಟ ಪಾಲಿಯೆಸ್ಟರೂ ಬರುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಉಂಗುರದಲ್ಲಿ ಸೀರೆ ತೂರಿಸಿ ತೋರಿಸಿದರೆ ನಂಬಬೇಡಿ. ತೆಳು ಪಾಲಿಯೆಸ್ಟರೂ ತೂರುತ್ತದೆ. ಹೊಳಪು ನಂಬಬೇಡಿ, ಬೆಲೆಯನ್ನಂತೂ ನಂಬಲೇಬೇಡಿ. ಕತ್ತರಿಸಿದ ಅಂಚಿನಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆ ಕೇಳಿ ತೆಗೆಯಿರಿ. ಎರಡೂ ಬೇಕು, ಹಾಸಿಗೆ ರೇಷ್ಮೆ ಹಾಕಿ ಹೊಕ್ಕಿಗೆ ಕೃತಕ ನೂಲು ಹೊಡೆಯುವುದು ಹಳೆಯ ಚಾಳಿ. ಜವಳಿಯ ನಡುವೆ ಬೇಡ, ಹೊರಗೆ ಬಂದು ಬೇರೆ ಬೇರೆಯಾಗಿ ಸುಡಿರಿ. ರೇಷ್ಮೆ ಒಲ್ಲದ ಮನಸ್ಸಿನಿಂದ ಉರಿಯುತ್ತದೆ, ಕೂದಲು ಸುಟ್ಟ ವಾಸನೆ ಕೊಡುತ್ತದೆ, ಅದರ ಕರಿ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಕಾಗದದಂತೆ ಭಗ್ಗನೆ ಉರಿಯುತ್ತದೆ, ವಾಸನೆಯೂ ಕಾಗದದ್ದೇ. ಪಾಲಿಯೆಸ್ಟರು ಮುದುಡಿ, ಕರಗಿ, ಬೆರಳಿಗೆ ಬಗ್ಗದ ಗಟ್ಟಿ ಮಣಿಯಾಗುತ್ತದೆ. ಇನ್ನು ಜರಿಯ ಮಾತು. ಮೇಲಿನ ಬಣ್ಣ ಕೆರೆದಾಗ ಕೆಂಪಗೆ ತಾಮ್ರ ಕಂಡರೆ ಅದು ಬೆಳ್ಳಿಯ ಜರಿಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೇ ಒಂದು ಪ್ರಶ್ನೆ ಇದೆ. ಕೂಲಿಯ ಹಣ ಕೊಟ್ಟು ಕೊಳ್ಳುವವನು ಬೆಂಕಿಪೊಟ್ಟಣ ಹಿಡಿದು ಅಂಗಡಿಗೆ ಹೋಗಬೇಕೆ? ಪರೀಕ್ಷೆ ಮಾಡುವುದು ಯಾರ ಕೆಲಸ?

ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ 'ಸಿಲ್ಕ್ ಮಾರ್ಕ್' ಎಂಬ ಗುರುತು ಬಂದಿತು. ಶುದ್ಧ ರೇಷ್ಮೆಯ ಪ್ರತಿ ಬಟ್ಟೆಗೂ ಸಂಖ್ಯೆಯುಳ್ಳ ಚೀಟಿ. ಒಳ್ಳೆಯ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಹಚ್ಚುವುದೂ ಬಿಡುವುದೂ ವ್ಯಾಪಾರಿಯ ಇಚ್ಛೆ! ಕಳ್ಳನಿಗೆ ಬೇಕಾದರೆ ಪೊಲೀಸನನ್ನು ಕರೆ ಎಂದಂತಾಯಿತು. ಚಿನ್ನಕ್ಕೆ 2021ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಚಿನ್ನಕ್ಕೆ ಆದದ್ದು ರೇಷ್ಮೆಗೆ ಏಕಾಗದು? ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ರೇಷ್ಮೆ ಕಾರ್ಖಾನೆ ಇಂದು ಸರ್ಕಾರದ ನಿಗಮದ ಕೈಯಲ್ಲಿದೆ. ಅದು ತನ್ನ ಸೀರೆಗಳಿಗೆ ಸಂಕೇತ ಸಂಖ್ಯೆ ಹಾಕಿ ಮಾರುತ್ತದೆ. ಸಾರ್ವಜನಿಕ ರಂಗಕ್ಕೆ ಸಾಧ್ಯವಾದದ್ದು ದೊಡ್ಡ ಬಂಡವಳಿಗರಿಗೆ ಮಾತ್ರ ಅಸಾಧ್ಯವೇ?

"ಬಡವರು ಕಡಿಮೆ ಬೆಲೆಯ ಬಟ್ಟೆ ಉಟ್ಟರೆ ನಿಮಗೇನು ನೋವು?" ಎಂದು ಕೆಲವರು ಕೇಳಬಹುದು. ಏನೂ ನೋವಿಲ್ಲ. ಪಾಲಿಯೆಸ್ಟರು ಉಡುವುದು ಅವಮಾನವಲ್ಲ. ಅದನ್ನು ಪಾಲಿಯೆಸ್ಟರಿನ ಹೆಸರಿನಲ್ಲಿ, ಪಾಲಿಯೆಸ್ಟರಿನ ಬೆಲೆಗೆ ಕೊಡಿ. ನಮ್ಮ ಜಗಳ ಬಟ್ಟೆಯ ಮೇಲಲ್ಲ, ಸುಳ್ಳಿನ ಮೇಲೆ.

ಈ ಸುಳ್ಳಿನಿಂದ ಕೊಳ್ಳುವವನೊಬ್ಬನೇ ಕೆಡುವುದಿಲ್ಲ. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ತೆಗೆಯುವ ರಾಜ್ಯ ನಮ್ಮದು. ಹಿಪ್ಪುನೇರಳೆ ಸೊಪ್ಪು ಕೊಯ್ದು ಹಗಲಿರುಳು ಹುಳು ಮೇಯಿಸುವ ರೈತ, ರಾಮನಗರದ ಮಾರುಕಟ್ಟೆಯಿಂದ ಗೂಡು ತಂದು ಬಿಸಿನೀರಿನಲ್ಲಿ ಕೈಯಿಟ್ಟು ನೂಲು ಬಿಚ್ಚುವ ಕೆಲಸಗಾರ, ಮಗ್ಗದ ಮುಂದೆ ಬೆನ್ನು ಬಗ್ಗಿಸುವ ನೇಕಾರ, ಇವರೆಲ್ಲರ ಬೆವರಿನ ಬೆಲೆಯನ್ನು ಸುಳ್ಳು ಹೆಸರು ಕದಿಯುತ್ತದೆ. ಸಣ್ಣ ವ್ಯಾಪಾರಿ ಬಂಧುಗಳೇ, ನೀವೂ ಕೋಪಿಸಿಕೊಳ್ಳಬೇಡಿ. ಸಗಟು ವ್ಯಾಪಾರಿ 'ಸಿಲ್ಕ್' ಎಂದು ಅಚ್ಚೊತ್ತಿ ಕಳಿಸಿದ ಗಂಟನ್ನು ನೀವು ಬಿಚ್ಚಿ ಮಾರುತ್ತೀರಿ. ಬೈಗುಳ ನಿಮಗೆ, ಲಾಭ ಅವನಿಗೆ. ನಿಜ ಹೇಳಿ ಮಾರುವ ಅಂಗಡಿ ಸುಳ್ಳು ಹೇಳುವ ಅಂಗಡಿಯ ಪಕ್ಕದಲ್ಲಿ ಎಷ್ಟು ದಿನ ಬಾಳೀತು? ಕಡ್ಡಾಯದ ಗುರುತು ಮೊದಲು ಕಾಪಾಡುವುದು ನಿಮ್ಮನ್ನೇ.

ಆದುದರಿಂದ ನಮ್ಮ ಬೇಡಿಕೆ ಮೂರು. ರೇಷ್ಮೆಯೆಂದು ಮಾರುವ ಪ್ರತಿ ಬಟ್ಟೆಗೂ ಗುರುತು ಕಡ್ಡಾಯವಾಗಲಿ. ಕೃತಕ ನೂಲಿನ ಬಟ್ಟೆಯ ಮೇಲೆ 'ಸಿಲ್ಕ್' ಎಂಬ ಮಾತು ಯಾವ ರೂಪದಲ್ಲಿಯೂ ಬರಕೂಡದು. ಜಯನಗರ, ಬನಶಂಕರಿಯ ಪೇಟೆಗಳಲ್ಲಿಯೂ ಪ್ರತಿ ಜಿಲ್ಲಾ ಕೇಂದ್ರದಲ್ಲಿಯೂ ಬಿಟ್ಟಿಯಾಗಿ ಪರೀಕ್ಷಿಸಿಕೊಡುವ ಸರ್ಕಾರಿ ಕಟ್ಟೆ ತೆರೆಯಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಅಸ್ತ್ರ ಬಿಲ್ಲು. 'ಶುದ್ಧ ರೇಷ್ಮೆ, ಹಾಸು ಹೊಕ್ಕು ಎರಡೂ' ಎಂದು ಬರೆಸದೆ ಹಣ ಕೊಡಬೇಡಿ. ಬರೆಯಲು ಹಿಂಜರಿದರೆ ಉತ್ತರ ಅಲ್ಲಿಯೇ ಸಿಕ್ಕಿತು, ಎದ್ದು ಬನ್ನಿ. ಬರೆದುಕೊಟ್ಟೂ ಮೋಸ ಮಾಡಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿನ ಶುಲ್ಕವೂ ಇಲ್ಲ. ನನ್ನ ಕೈಯಲ್ಲಿ ಆ ಒಂದು ಸಾಲು ಇರಲಿಲ್ಲ, ನಿಮ್ಮ ಕೈಯಲ್ಲಿರಲಿ.