ಸುತ್ತು ದಾರಿಯ ಎಣ್ಣೆ ಲೆಕ್ಕ ಬರೆದಿಡಿ!

ಆಲಮೇಲ ತಾಲ್ಲೂಕಿನ ಭೀಮಾತೀರದ ಬಂಧುಗಳೇ,

ಮಹಾರಾಷ್ಟ್ರದಲ್ಲಿ ಮಳೆ ಹಿಡಿದು, ಉಜನಿ ಜಲಾಶಯದಿಂದ ನೀರು ಬಿಟ್ಟು, ಸೀನಾ ನದಿಯೂ ಉಕ್ಕಿತೆಂದರೆ ಭೀಮಾ ನದಿಯ ಘತ್ತರಗಿ ಸೇತುವೆ ಮುಳುಗುತ್ತದೆ. 2020ರ ಅಕ್ಟೋಬರಿನಲ್ಲಿ ಮುಳುಗಿತು, 2025ರ ಸೆಪ್ಟೆಂಬರಿನಲ್ಲೂ ಮುಳುಗಿತು. ಆಗ ಆಚೆ ದಂಡೆಯ ಶಾಲೆಗೆ ಹೋಗುವ ಮಾಸ್ತರರು, ಹಾಲು ಹಾಕುವವರು, ಲಿಂಬೆ ಚೀಲ ಹೇರಿಕೊಂಡ ಟಂಟಂನವರು, ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ ತಾಯಿಯ ದರ್ಶನಕ್ಕೆ ಹೊರಟವರು ಎಲ್ಲರೂ ದೇವಣಗಾಂವದ ಕಡೆಯಿಂದ ಸುತ್ತಬೇಕು.

ಹೊಳೆ ಇಳಿದ ಮೇಲೆ ಬಿದ್ದ ಮನೆಯನ್ನೂ ಕೊಳೆತ ಬೆಳೆಯನ್ನೂ ಬರೆದುಕೊಳ್ಳಲು ಅಧಿಕಾರಿಗಳು ಬರುತ್ತಾರೆ. ಸುತ್ತು ದಾರಿಯಲ್ಲಿ ಸುಟ್ಟ ಎಣ್ಣೆಯನ್ನು ಬರೆದುಕೊಳ್ಳುವವರು ಯಾರೂ ಇಲ್ಲ.

ಲೆಕ್ಕ ನೋಡಿ. ಹೋಗಿ ಬರಲು ದಿನಕ್ಕೆ 40 ಕಿ.ಮೀ. ಹೆಚ್ಚಾಯಿತು ಎನ್ನೋಣ. ಲೀಟರಿಗೆ 50 ಕೊಡುವ ಬೈಕಿಗೆ 800 ಮಿ.ಲೀ. ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೂ ದಿನಕ್ಕೆ 80, ಇಪ್ಪತ್ತೈದು ದಿನಕ್ಕೆ 2,000 ರೂಪಾಯಿ! ಅದೂ ರಸ್ತೆ ಚೆನ್ನಾಗಿದ್ದರೆ. ತಗ್ಗು ಬಂದಲ್ಲೆಲ್ಲ ಬ್ರೇಕ್ ಹಿಡಿದು, ಗೇರ್ ಇಳಿಸಿ, ಮತ್ತೆ ಎಕ್ಸಲರೇಟರ್ ತಿರುವಿದರೆ 50 ಕೊಡುವ ಗಾಡಿ 40ಕ್ಕೆ ಇಳಿಯುತ್ತದೆ. ಆಗ ಅದೇ ದೂರಕ್ಕೆ ಪೂರಾ ಒಂದು ಲೀಟರ್. ಕಬ್ಬಿನ ಟ್ರಾಕ್ಟರಿನ ಡೀಸೆಲ್ ಕೇಳುವುದೇ ಬೇಡ. ಸಾಗಣೆ ಖರ್ಚು ಕಡೆಗೆ ಮುರಿದುಕೊಳ್ಳುವುದು ರೈತನ ಬಿಲ್ಲಿನಲ್ಲಿಯೇ.

ಇಂದಿನಿಂದಲೇ ಒಂದು ಕೆಲಸ ಮಾಡಿ. ಟ್ಯಾಂಕ್ ಫುಲ್ ಮಾಡಿಸಿದಾಗ ಮೀಟರ್ ಓದಿ ಬರೆದಿಡಿ. ಮುಂದಿನ ಸಲ ಫುಲ್ ಮಾಡಿಸಿದಾಗ ಓಡಿದ ಕಿ.ಮೀ.ಯನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಬಂಕಿನ ರಸೀದಿ ಒಗೆಯಬೇಡಿ. ಈಗಿನ ಲೆಕ್ಕ ಕೈಯಲ್ಲಿದ್ದರೆ ಸೇತುವೆ ಮುಳುಗಿದಾಗ ಎಷ್ಟು ಹೆಚ್ಚಾಯಿತೆಂದು ರೊಕ್ಕದಲ್ಲೇ ತೋರಿಸಬಹುದು. ಟೈರಿಗೆ ಗಾಳಿ ಸರಿಯಾಗಿರಲಿ. ಒಂದೇ ಊರಿಗೆ ಹೋಗುವವರು ಇಬ್ಬಿಬ್ಬರು ಕೂಡಿ ಒಂದೇ ಗಾಡಿಯಲ್ಲಿ ಹೋಗಿರಿ, ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಆದರೆ ಇಷ್ಟಕ್ಕೇ ಸುಮ್ಮನಾಗಬಾರದು. ಮಳೆಗಾಲಕ್ಕೆ ಮುಂಚೆಯೇ ಸುತ್ತು ದಾರಿಯ ತಗ್ಗು ಮುಚ್ಚಿಸಿರಿ, ಸೇತುವೆ ಬಂದಾದ ದಿನವೇ ಆ ದಾರಿಗೆ ಹೆಚ್ಚುವರಿ ಬಸ್ ಬಿಡಿಸಿರಿ, ದಾರಿ ಬಂದಾಗಿದೆ ಎಂಬ ಫಲಕವನ್ನು ಹೊಳೆದಂಡೆಯಲ್ಲಿ ಹಾಕುವ ಬದಲು ಆಲಮೇಲದ ಬಸ್ ನಿಲ್ದಾಣದಲ್ಲೇ ಹಾಕಿಸಿರಿ ಎಂದು ಕೇಳೋಣ. ಹೊಳೆತನಕ ಹೋಗಿ ತಿರುಗಿ ಬರುವ ಎಣ್ಣೆಯಾದರೂ ಉಳಿಯಲಿ. ಕಾಯಂ ಪರಿಹಾರವೆಂದರೆ ಪ್ರವಾಹಕ್ಕೂ ಮುಳುಗದಷ್ಟು ಎತ್ತರದ ಸೇತುವೆ. ಅದನ್ನು ಪ್ರತಿ ಅರ್ಜಿಯ ಮೊದಲ ಸಾಲಿನಲ್ಲಿಯೇ ಬರೆಯಿರಿ.

ಲೆಕ್ಕದ ಹಾಳೆ, ರಸೀದಿಗಳ ನಕಲು, ಅರ್ಜಿ ಮೂರನ್ನೂ ನಿಮ್ಮ ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ಕೊಟ್ಟು, ಸಹಿ, ಶಿಕ್ಕಾ ಇರುವ ಸ್ವೀಕೃತಿ ಪಡೆಯಿರಿ. ಓದಿದವರು ಈ ಕರಪತ್ರವನ್ನು ಪಕ್ಕದ ಸೀಟಿನವರಿಗೆ ಕೊಡಿ.

– ಭೀಮಾತೀರದ ದಿನನಿತ್ಯದ ಪ್ರಯಾಣಿಕರು